ಕಾರ್ಡಿನಲ್ಲಿ ಬಂದ ಊರುಗಳು

ಭೂಗೋಳ ಅಂದರೆ ನಿಮಗೆ ಏನು ನೆನಪಾಗುತ್ತೆ ಹೇಳಿ? ನನಗಂತೂ ಗೋಡೆಗೆ ನೇತುಹಾಕಿದ ಹಳೇ ನಕ್ಷೆ, ಮೇಷ್ಟ್ರ ಕೈಯಲ್ಲಿದ್ದ ಬೆತ್ತ, ‘ಕಾವೇರಿಯ ಉಪನದಿಗಳು ಯಾವುವು?’ ಅನ್ನುವ ಪ್ರಶ್ನೆ. ಹೇಮಾವತಿ, ಹಾರಂಗಿ, ಲಕ್ಷ್ಮಣತೀರ್ಥ, ಕಬಿನಿ ಎಂದು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿ ಕೂತುಬಿಟ್ಟರೆ ಮುಗಿಯಿತು. ನಾನು ಹುಟ್ಟಿ ಬೆಳೆದದ್ದು ಅರಕಲಗೂಡು ಕಡೆ. ಹಬ್ಬಕ್ಕೆ ಹೇಮಾವತಿಯಲ್ಲಿ ಮಿಂದು ಬರುತ್ತಿದ್ದ ನಮಗೆ, ಪುಸ್ತಕದ ಹೇಮಾವತಿಯೂ ಇದೂ ಒಂದೇ ಹೊಳೆ ಎಂದು ಯಾರೂ ಹೇಳಿಕೊಡಲೂ ಇಲ್ಲ, ನಾವು ಕೇಳಲೂ ಇಲ್ಲ. ಎಸ್ಸೆಸ್ಸೆಲ್ಸಿ ಪಾಸಾಯಿತು, ಮದುವೆಯಾಯಿತು, ಚನ್ನರಾಯಪಟ್ಟಣ ತಾಲ್ಲೂಕಿನ ಈ ದಂಡಿಗನಹಳ್ಳಿ ಹೋಬಳಿಗೆ ಬಂದೆ. ಭೂಗೋಳ ಅಲ್ಲಿಗೇ ನಿಂತಿತು.

ಈಗಿನ ಮಕ್ಕಳಿಗೆ ಬೆತ್ತದ ಭಯವಿಲ್ಲ, ಒಳ್ಳೆಯದೇ. ಫೋನಿನಲ್ಲಿ ಇಡೀ ಭೂಮಂಡಲವನ್ನೇ ಬುಗುರಿಯ ಹಾಗೆ ತಿರುಗಿಸಿ ನೋಡುತ್ತಾರೆ. ಆದರೆ ಪ್ಯಾರಿಸ್ಸಿನ ಗೋಪುರ ಗೊತ್ತಿರುವ ಮಗುವಿಗೆ ಪಕ್ಕದ ಹೋಬಳಿಯ ಹೆಸರು ಗೊತ್ತಿರುವುದಿಲ್ಲ. ನಿಮ್ಮ ಮನೆಯಲ್ಲೂ ಹೀಗೇ ಅಲ್ಲವೇ? ನಮ್ಮ ಮನೆಯಲ್ಲಿ ಈ ಸ್ಥಿತಿ ಸ್ವಲ್ಪ ಬದಲಾದದ್ದು ಅಂಚೆ ಕಾರ್ಡಿನಿಂದ. ಆ ವಿಷಯವನ್ನೇ ಸೋದರಿಯರ ಜತೆ ಹಂಚಿಕೊಳ್ಳೋಣ ಎಂದು ಬರೆಯುತ್ತಿದ್ದೇನೆ.

2021ರ ಡಿಸೆಂಬರಿನಲ್ಲಿ ಅಂಚೆ ಇಲಾಖೆ ಮತ್ತು ಶಿಕ್ಷಣ ಇಲಾಖೆ ಸೇರಿ ಶಾಲೆಗಳಲ್ಲಿ ‘75 ಲಕ್ಷ ಪೋಸ್ಟ್ ಕಾರ್ಡ್’ ಅಭಿಯಾನ ನಡೆಸಿದ್ದು ನಿಮಗೂ ನೆನಪಿರಬಹುದು. ಸ್ವಾತಂತ್ರ್ಯದ ಎಪ್ಪತ್ತೈದನೆಯ ವರ್ಷದ ಅಂಗವಾಗಿ ನಾಲ್ಕನೇ ತರಗತಿಯಿಂದ ಹನ್ನೆರಡನೇ ತರಗತಿಯವರೆಗಿನ ಮಕ್ಕಳು ಪ್ರಧಾನಿಯವರಿಗೆ ಕಾರ್ಡು ಬರೆದರು. ನಮ್ಮ ಹೋಬಳಿಯ ಸರ್ಕಾರಿ ಶಾಲೆಯಲ್ಲಿ ಓದುತ್ತಿದ್ದ ನನ್ನ ಮಗಳೂ ಬರೆದಳು. ಆಮೇಲೆ ಒಂದು ತಿಂಗಳು ಅಂಚೆಯಣ್ಣ ಬಂದಾಗಲೆಲ್ಲ ಬಾಗಿಲಿಗೆ ಓಡುತ್ತಿದ್ದಳು. ದೇಶಕ್ಕೆ ದೇಶವೇ ಬರೆದರೆ ಒಬ್ಬೊಬ್ಬರಿಗೂ ಉತ್ತರ ಬರೆಯಲಾದೀತೇ? ಅವಳ ತರಗತಿಯ ಮೇಡಂ ಇದನ್ನು ಗಮನಿಸಿದರು. “ಮಕ್ಕಳಿಗೆ ಬರೆಯೋಕಿಂತ ಉತ್ತರ ಬರೋದು ಮುಖ್ಯ ಕಣ್ರೀ. ಉತ್ತರ ಬರೆಯೋಕೆ ಪುರುಸೊತ್ತು ಇರೋರಿಗೆ ಬರೆಸೋಣ. ಮಕ್ಕಳಿಗೆ ಮಕ್ಕಳೇ ಬರೀಲಿ” ಅಂದರು. ಮೇಡಂ ಅವರ ನಾದಿನಿ ಕಾಸರಗೋಡಿನ ಕಡೆ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರು. ಹಾಗೆ 2022ರ ಮಳೆಗಾಲದಲ್ಲಿ ಎರಡು ಶಾಲೆಗಳ ಆರನೇ ತರಗತಿ ಮಕ್ಕಳು ಒಬ್ಬರಿಗೊಬ್ಬರು ಕಾರ್ಡು ಬರೆಯುವುದೆಂದು ಗೊತ್ತಾಯಿತು. ಹದಿನೆಂಟು ಮಕ್ಕಳು, ಆಗ ಕಾರ್ಡಿಗೆ 50 ಪೈಸೆ, ಒಟ್ಟು ಖರ್ಚು ಒಂಬತ್ತು ರೂಪಾಯಿ! “ಒಂಬತ್ತು ರೂಪಾಯಿಗೆ ಪಾಠವಾ? ಟ್ಯೂಷನ್ನಿನವರಿಗೆ ಹೇಳಬೇಡಿ, ಬೇಜಾರು ಮಾಡ್ಕೋತಾರೆ” ಎಂದು ನಮ್ಮನೆಯವರು ನಕ್ಕರು.

ಅಂಚೆ ಕಾರ್ಡಿನ ಕಥೆಯೂ ದೊಡ್ಡದೇ. 1869ರ ಅಕ್ಟೋಬರ್ 1ರಂದು ಆಸ್ಟ್ರಿಯಾ-ಹಂಗೇರಿಯಲ್ಲಿ ಇದು ಮೊದಲು ಹುಟ್ಟಿತು. ಹತ್ತು ವರ್ಷಕ್ಕೆ, 1879ರ ಜುಲೈನಲ್ಲಿ ನಮ್ಮ ದೇಶಕ್ಕೆ ಬಂತು. ಬೆಲೆ ಕಾಲಾಣೆ. ನಾನು ಚಿಕ್ಕವಳಿದ್ದಾಗ ಹುಲಿಯ ಚಿತ್ರದ ಹದಿನೈದು ಪೈಸೆಯ ಕಾರ್ಡು. ‘ಸುಖವಾಗಿ ಊರು ಸೇರಿದೆವು’, ‘ಸೋಮವಾರ ಗಂಡಿನ ಕಡೆಯವರು ಬರುತ್ತಾರೆ’ ಎಲ್ಲ ಅದರಲ್ಲೇ. ಅಂಥ ಕಾರ್ಡನ್ನು ನನ್ನ ಮಗಳು ಅಂಗೈ ಮೇಲಿಟ್ಟುಕೊಂಡು, “ಅಮ್ಮಾ, ಇದಕ್ಕೆ ಕವರ್ ಎಲ್ಲಿ? ಎಲ್ರೂ ಓದಿಬಿಡಲ್ವಾ?” ಅಂದಳು!

ಮೊದಲ ಪಾಠ ವಿಳಾಸದಿಂದಲೇ ಶುರುವಾಯಿತು. ಪ್ರತಿ ಮಗುವೂ ತನ್ನ ಹೆಸರು, ಊರು, ಹೋಬಳಿ, ತಾಲ್ಲೂಕು, ಜಿಲ್ಲೆ, ಪಿನ್ ಕೋಡು ಬರೆದು ತರಗತಿಯ ಗೋಡೆಗೆ ಅಂಟಿಸಬೇಕು. ಈ ಪಿನ್ ಕೋಡು ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಅದನ್ನು ರೂಪಿಸಿದವರು ಶ್ರೀರಾಮ ಭಿಕಾಜಿ ವೇಲಣಕರ್ ಎಂಬ ಅಂಚೆ ಇಲಾಖೆಯ ಅಧಿಕಾರಿ. ಆರು ಅಂಕಿಯಲ್ಲಿ ಮೊದಲನೆಯದು ದೇಶದ ವಲಯ, ಮೊದಲ ಮೂರು ಸೇರಿದರೆ ಕಾಗದ ವಿಂಗಡಿಸುವ ಜಿಲ್ಲೆ, ಕೊನೆಯ ಮೂರು ಬಟವಾಡೆಯ ಅಂಚೆ ಕಚೇರಿ. ಚನ್ನರಾಯಪಟ್ಟಣ 573116, ಹಾಸನ 573201, ಶ್ರವಣಬೆಳಗೊಳ 573135. ಮೂರಕ್ಕೂ ತಲೆಯಲ್ಲಿ 573 ಇರುವುದನ್ನು ಮಕ್ಕಳೇ ಕಂಡುಹಿಡಿದರು. ಕಾಸರಗೋಡಿನದು ಮಾತ್ರ 671. “ಅವರೂ ಕನ್ನಡದವರೇ ಅಲ್ವಾ ಮೇಡಂ, ನಮಗೆ ಐದು, ಅವರಿಗೆ ಯಾಕೆ ಆರು?” ಎಂದು ಒಬ್ಬ ಹುಡುಗ ಎದ್ದು ಕೇಳಿದನಂತೆ. ಐದು ಎಂದರೆ ಕರ್ನಾಟಕ, ಆಂಧ್ರ, ತೆಲಂಗಾಣ. ಆರು ಎಂದರೆ ತಮಿಳುನಾಡು, ಕೇರಳ. 1956ರ ನವೆಂಬರ್ 1ರಂದು ರಾಜ್ಯಗಳು ಹೊಸದಾಗಿ ವಿಂಗಡವಾದಾಗ ಕಾಸರಗೋಡು ಕೇರಳಕ್ಕೆ ಸೇರಿತು, ಮನೆಯೊಳಗಿನ ಮಾತು ಕನ್ನಡ, ತುಳು ಎಂದೇ ಉಳಿಯಿತು. ನಾನು ಓದುವಾಗ ಇದನ್ನು ಇಸವಿ ಎಂದು ಬಾಯಿಪಾಠ ಮಾಡಿದ್ದೆ. ಮಕ್ಕಳಿಗೆ ಅದು ಒಂದು ಕಾರ್ಡಿನ ಮೂಲೆಯಲ್ಲಿ ಸಿಕ್ಕಿತು.

ಇನ್ನು ಏನು ಬರೆಯುವುದು? ಮಗಳು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, “ನಮ್ಮೂರಲ್ಲಿ ಏನಿದೆ ಅಂತ ಬರೀಲಿ? ಏನೂ ಇಲ್ವಲ್ಲ!” ಎಂದಳು. ಒರಳಿನ ಪಕ್ಕ ಅವರೆಕಾಯಿ ಬಿಡಿಸುತ್ತಿದ್ದ ನಮ್ಮತ್ತೆಗೆ ಎಲ್ಲಿತ್ತೋ ಸಿಟ್ಟು! “ಏನೂ ಇಲ್ದೆ ನಾವೆಲ್ಲ ಇಷ್ಟು ವರ್ಷ ಮಣ್ಣು ತಿಂದ್ವೇನೇ? ರಾಗಿ ಇಲ್ವಾ? ತೆಂಗಿಲ್ವಾ? ಅಟ್ಟದ ಮೇಲೆ ಕೊಬ್ಬರಿ ಇಲ್ವಾ?” ಅಂದರು. ಸರಿ, ಕೊಬ್ಬರಿಯನ್ನೇ ಬರೆದಳು. ತೆಂಗಿನಕಾಯನ್ನು ಸುಲಿಯದೆ ಹೆಚ್ಚುಕಮ್ಮಿ ಒಂದು ವರ್ಷ ಅಟ್ಟದ ಮೇಲೆ ಬಿಟ್ಟರೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತೆ, ಅದು ತಿಪಟೂರು ಮಾರುಕಟ್ಟೆಗೆ ಹೋಗುತ್ತೆ ಎಂದು.

ಎಂಟು ದಿನಕ್ಕೆ ಉತ್ತರ ಬಂತು. ‘ನಮ್ಮಲ್ಲಿಯೂ ತೆಂಗು ಉಂಟು. ಆದರೆ ನಾವು ಒಡೆದು ಬಿಸಿಲಿಗೆ ಹಾಕಿ ಎಣ್ಣೆ ಮಾಡಿಸುತ್ತೇವೆ. ನೀವು ಇಡೀ ಕಾಯಿ ಇಟ್ಟರೆ ಕೊಳೆಯುವುದಿಲ್ಲವಾ?’ ಈಗ ಉತ್ತರ ಕೊಡಬೇಕಾದವಳು ನಾನು! ನಮ್ಮದು ಸಮುದ್ರಮಟ್ಟಕ್ಕಿಂತ ಸುಮಾರು ಮೂರು ಸಾವಿರ ಅಡಿ ಎತ್ತರದ ಬಯಲು. ಘಟ್ಟದ ಆಚೆ ಕಡೆ ಮೋಡಗಳು ಮಳೆ ಸುರಿಸಿ ಹಗುರಾಗಿ ನಮ್ಮ ಕಡೆ ಬರುತ್ತವೆ. ಅವರಿಗೆ ನಮ್ಮ ನಾಲ್ಕು ಪಟ್ಟಿಗೂ ಹೆಚ್ಚು ಮಳೆ, ಜತೆಗೆ ಕಡಲ ತೇವ. ನಮಗೆ ಒಣಗಾಳಿ. ಅಟ್ಟದ ಮೇಲಿನ ಕಾಯಿ ಕೊಳೆಯದೆ ಕೊಬ್ಬರಿಯಾಗುವುದಕ್ಕೆ ಈ ಒಣಗಾಳಿಯೇ ಆಸರೆ. ಅವರು ಅಕ್ಕಿ ಉಣ್ಣುವುದು, ನಾವು ಮುದ್ದೆ ಉಣ್ಣುವುದು ಕೂಡ ಅದೇ ಮಳೆಯ ಲೆಕ್ಕ. ಇಪ್ಪತ್ತು ವರ್ಷದಿಂದ ಅಟ್ಟ ಹತ್ತಿ ಇಳಿಯುತ್ತಿರುವ ನನಗೆ ಪಶ್ಚಿಮ ಘಟ್ಟವೂ ನಮ್ಮ ಅಟ್ಟವೂ ಸಂಬಂಧಿಕರು ಎಂದು ಆವತ್ತು ಹೊಳೆಯಿತು. ನಾವು ಹೆಂಗಸರು ‘ನಮಗೇನು ಗೊತ್ತು’ ಅನ್ನುತ್ತೇವೆ ನೋಡಿ, ಆ ಮಾತನ್ನು ಸ್ವಲ್ಪ ಯೋಚಿಸಿ ಆಡಬೇಕು.

ಆಮೇಲಿನ ಕಾರ್ಡುಗಳು ನೀರಿನ ಕಡೆ ತಿರುಗಿದವು. ‘ನಮ್ಮ ಮನೆಯ ಹಿಂದಿನ ಗುಡ್ಡೆಯಲ್ಲಿ ಸುರಂಗ ಉಂಟು. ಅದರಿಂದಲೇ ನಮಗೆ ನೀರು’ ಎಂದು ಅಲ್ಲಿನ ಹುಡುಗಿ ಬರೆದಿದ್ದಳು. ಎಣ್ಮಕಜೆ, ಬಾಯಾರು ಕಡೆಯ ಗುಡ್ಡಗಳಲ್ಲಿ ಮುರಕಲ್ಲನ್ನು ಕೊರೆದು, ಒಬ್ಬ ಆಳು ನಡೆಯುವಷ್ಟು ಅಗಲದ ಸುರಂಗವನ್ನು ಅಡ್ಡಡ್ಡಕ್ಕೆ ತೋಡುತ್ತಾರೆ. ಮಳೆಗಾಲದಲ್ಲಿ ಗುಡ್ಡ ಕುಡಿದ ನೀರು ಒಳಗೆ ಜಿನುಗಿ, ತಾನಾಗಿ ಹರಿದು ಹೊರಗಿನ ಕೆರೆಗೆ ಬೀಳುತ್ತೆ. ಮೋಟಾರೂ ಬೇಡ, ಕರೆಂಟೂ ಬೇಡ. ಅಷ್ಟು ಮಳೆ ಬಿದ್ದರೂ ಇಳಿಜಾರಿನಲ್ಲಿ ನೀರು ನಿಲ್ಲದೆ ಕಡಲಿಗೆ ಓಡುವುದರಿಂದ ಬೇಸಿಗೆಗೆ ಈ ಉಪಾಯ. ನಮ್ಮ ಮಕ್ಕಳು ಬಿಡುತ್ತಾರೆಯೇ? ‘ನಮ್ಮ ತಾಲ್ಲೂಕಿನಲ್ಲೂ ಸುರಂಗ ಇದೆ’ ಎಂದು ಬರೆದರು. ಗೊರೂರಿನ ಅಣೆಕಟ್ಟಿನಿಂದ ಹೊರಟ ಹೇಮಾವತಿಯ ಎಡದಂಡೆ ನಾಲೆಯ ನೀರು ನಮ್ಮ ತಾಲ್ಲೂಕಿನ ಬಾಗೂರು-ನವಿಲೆ ಸುರಂಗದಲ್ಲಿ ಹಾದು ತುಮಕೂರು ಕಡೆಗೆ ಹೋಗುತ್ತೆ. “ಅವರ ಸುರಂಗದಲ್ಲಿ ನೀರು ಹುಟ್ಟುತ್ತೆ, ನಮ್ಮದರಲ್ಲಿ ನೀರು ಹಾದುಹೋಗುತ್ತೆ” ಎಂದಳು ಮಗಳು. ಇದಕ್ಕಿಂತ ಚೆನ್ನಾಗಿ ಯಾವ ಮೇಷ್ಟ್ರು ಹೇಳಿಯಾರು?

ಈ ನಡುವೆ, ದೀಪಾವಳಿ ಕಳೆದ ಮೇಲೆ ತರಗತಿಗೆ ಒಬ್ಬ ಹೊಸ ಹುಡುಗಿ ಬಂದಳು. ರಾಯಚೂರು ಜಿಲ್ಲೆ, ದೇವದುರ್ಗ ತಾಲ್ಲೂಕು. ಅಪ್ಪ ಅಮ್ಮ ಇಟ್ಟಿಗೆ ಗೂಡಿನ ಕೆಲಸಕ್ಕೆ ಬಂದವರು. ವಿಳಾಸ ಬರೆದು ಅಂಟಿಸು ಎಂದರೆ ಆ ಮಗು ಸುಮ್ಮನೆ ನಿಂತುಬಿಟ್ಟಿತಂತೆ. “ಯಾವ ಊರು ಬರೀಲ್ರಿ? ಇಲ್ಲಿ ಮನಿ ಇಲ್ಲ, ಅಲ್ಲಿ ಯಾರೂ ಇಲ್ಲ.” ಮೇಡಂ ಎರಡನ್ನೂ ಬರೆಸಿದರು. ಗೂಡಿನ ಹತ್ತಿರದ ಗುಡಿಸಲಿಗೆ ಮನೆ ನಂಬರು ಇಲ್ಲವಲ್ಲ, ಅದಕ್ಕೆ ಶಾಲೆಯ ವಿಳಾಸ. ಅದರ ಕೆಳಗೆ ಅವಳೂರಿನದು, 584ರಿಂದ ಶುರುವಾಗುವ ಪಿನ್ ಕೋಡಿನ ಸಮೇತ. ಹದಿನೆಂಟು ಚೀಟಿಗಳ ಜತೆ ಹತ್ತೊಂಬತ್ತನೆಯದು ಗೋಡೆಗೆ ಏರಿತು.

ಮೊದಲೆಲ್ಲ ಅವಳ ಮಾತು ಕೇಳಿ ಮುಸಿಮುಸಿ ನಗುತ್ತಿದ್ದ ಮಕ್ಕಳು, ಅವಳು ಬರೆದ ಕಾರ್ಡನ್ನು ಮೇಡಂ ಓದಿದ ಮೇಲೆ ನಗು ನಿಲ್ಲಿಸಿದರು. ‘ಇಲ್ಲಿ ಕೆಂಪು ಮಣ್ಣು ಅದ. ನಮ್ಮೂರಾಗ ಕರಿ ಎರೆ ಮಣ್ಣು. ಮಳಿ ಬಂದ್ರ ಹೊಲದಾಗ ಕಾಲು ಇಡಾಕ ಬರಲ್ಲ, ಬ್ಯಾಸಗ್ಯಾಗ ಕೈ ಹೋಗುವಷ್ಟು ಬಿರುಕು ಬಿಡ್ತದ. ಜ್ವಾಳ, ಹತ್ತಿ ಬೆಳೀತದ. ಆ ಕಡೆ ಕೃಷ್ಣಾ, ಈ ಕಡೆ ತುಂಗಭದ್ರಾ, ನಡುವ ನಮ್ಮ ಜಿಲ್ಲಾ. ಕಾಲುವಿ ಅದ, ನೀರು ನಮ್ಮೂರ ತನಕ ಬರಲ್ಲ. ಅದಕ್ಕ ನಾವು ಇಲ್ಲಿ ಬಂದೀವಿ.’ ಎರಡು ದೊಡ್ಡ ಹೊಳೆಗಳ ನಡುವೆ ಇದ್ದೂ ಊರು ಬಿಡಬೇಕಾದರೆ ಅದಕ್ಕೆ ಕಾರಣವೇನು ಎಂಬ ಪ್ರಶ್ನೆ ಯಾವ ಪರೀಕ್ಷೆಯಲ್ಲೂ ನಾನು ಕಂಡಿರಲಿಲ್ಲ. ಆ ಮಗು ಅದನ್ನು ನಾಲ್ಕು ಸಾಲಿನಲ್ಲಿ ಬರೆದಿತ್ತು.

ಮಾರ್ಚಿಯ ಒಂದು ಭಾನುವಾರ ಆ ಕುಟುಂಬ ಲಾರಿ ಹತ್ತಿ ಹೊರಟುಹೋಯಿತು. ಸೋಮವಾರ ಅವಳ ಜಾಗ ಖಾಲಿ. ಎರಡು ವಾರ ಕಳೆದ ಮೇಲೆ ಕಾಸರಗೋಡಿನಿಂದ ಅವಳ ಹೆಸರಿಗೆ ಕಾರ್ಡು ಬಂತು! ಏನು ಮಾಡುವುದು? ಫೋನ್ ನಂಬರು ಯಾರ ಹತ್ತಿರವೂ ಇಲ್ಲ. ಮಗಳು ಮಧ್ಯಾಹ್ನ ಮನೆಗೆ ಬಂದವಳು ಊಟ ಮುಟ್ಟಲಿಲ್ಲ. “ಅವಳಿಗೆ ಬಂದ ಮೊದಲ್ನೇ ಕಾರ್ಡು ಕಣಮ್ಮಾ, ಅವಳೇ ನೋಡ್ಲಿಲ್ಲ” ಅಂತ ಒಂದೇ ಸಮ. ಆಗ ತರಗತಿಯ ಗೋಡೆಯ ಮೇಲಿನ ಹತ್ತೊಂಬತ್ತನೇ ಚೀಟಿ ನೆನಪಿಗೆ ಬಂತು. ಮಕ್ಕಳೆಲ್ಲ ಸೇರಿ ಶಾಲೆಯ ವಿಳಾಸದ ಮೇಲೆ ಗೀಟೆಳೆದು, ದೇವದುರ್ಗದ ವಿಳಾಸ ಬರೆದು ಡಬ್ಬಕ್ಕೆ ಹಾಕಿದರು. “ಆ ಊರಲ್ಲಿ ಈಗ ಯಾರಿದಾರೋ, ಬೀಗ ಹಾಕಿರೋ ಮನೆಗೆ ಕಾಗದ ಹಾಕಿದ ಹಾಗಾಯ್ತು” ಎಂದರು ನಮ್ಮನೆಯವರು. ನನಗೂ ಹಾಗೇ ಅನ್ನಿಸಿತ್ತು.

ಜೂನ್ ತಿಂಗಳು ಶಾಲೆ ಮತ್ತೆ ಶುರುವಾದ ಮೇಲೆ, ಏಳನೇ ತರಗತಿಗೆ ಒಂದು ಕಾರ್ಡು. ‘ಕಾಸರಗೋಡಿನ ಕಾರ್ಡು ಮುಟ್ಯಾದ. ನಮ್ಮ ಸಾಲಿ ಸರಗೂ ತೋರ್ಸೀನಿ. ನಿಮ್ಮೂರಾಗ ಮಳಿ ಶುರು ಆತೇನು? ಇಲ್ಲಿ ಇನ್ನಾ ಇಲ್ಲ. ಮಳಿ ಚಲೋ ಆದ್ರ ನಾವು ಅಲ್ಲಿ ಬರಂಗಿಲ್ಲ. ಆಗ್ಲಿಲ್ಲಂದ್ರ ದೀಪಾವಳಿ ಆದಮ್ಯಾಲ ಬರ್ತೀವಿ.’

ಆ ರಾತ್ರಿ ದೇವರ ಮುಂದೆ ದೀಪ ಹಚ್ಚಿದಾಗ ಮಗಳು ಸುಮ್ಮನೆ ನಿಂತಿದ್ದಳು. ಏನೇ ಅಂದೆ. “ಅವಳು ಬರ್ಲಿ ಅಂತ ಕೇಳ್ಕೊಂಡ್ರೆ ಅವರೂರಲ್ಲಿ ಮಳೆ ಬೇಡ ಅಂದ ಹಾಗಾಗುತ್ತೆ. ಏನಂತ ಕೇಳ್ಕೊಳ್ಳಲಮ್ಮಾ?” ಅಂದಳು. ಹನ್ನೆರಡು ವರ್ಷದ ಮಗುವಿನ ಬಾಯಲ್ಲಿ ಇಂಥ ಮಾತು! ನಮ್ಮತ್ತೆಯೇ ಉತ್ತರ ಕೊಟ್ಟರು: “ಮಳೆ ಕೇಳ್ಕೋ. ಗೆಳತಿಗೆ ಕಾರ್ಡು ಬರಿ.”

ಮಳೆ ಬರಲಿಲ್ಲ. 2023 ನಿಮಗೂ ನೆನಪಿದೆಯಲ್ಲ? ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಘೋಷಿಸಿತು. ನಮ್ಮ ಹೊಲದ ರಾಗಿಯೂ ತೆನೆ ಕಟ್ಟುವ ಮೊದಲೇ ಒಣಗಿತು. ದೀಪಾವಳಿ ಕಳೆದ ಮೇಲೆ ಆ ಹುಡುಗಿ ತರಗತಿಯ ಬಾಗಿಲಲ್ಲಿ ಬಂದು ನಿಂತಾಗ ಮಕ್ಕಳು ಕುಣಿದಾಡಿದರಂತೆ. ಮಗಳು ಮನೆಗೆ ಬಂದು ಸುದ್ದಿ ಹೇಳಿದಳು. ಹೇಳುವಾಗ ನಗು ಅರ್ಧಕ್ಕೇ ನಿಂತಿತು. ಬಂದದ್ದು ಯಾಕೆ ಎಂಬುದು ಅವಳಿಗೆ ಗೊತ್ತಿತ್ತು. ಮಾರನೆಯ ದಿನ ಡಬ್ಬಿಗೆ ಎರಡು ಮುದ್ದೆ ಹೆಚ್ಚಿಗೆ ಹಾಕು ಎಂದಳು, ಹಾಕಿದೆ.

ಈಗ ಇಬ್ಬರೂ ಹೈಸ್ಕೂಲು. ಆ ಹುಡುಗಿಯನ್ನು ಓದು ತಪ್ಪದಿರಲಿ ಎಂದು ಅವಳೂರಿನ ಹತ್ತಿರ ಅಜ್ಜಿಯ ಮನೆಯಲ್ಲಿ ಬಿಟ್ಟಿದ್ದಾರೆ. ಅಪ್ಪ ಅಮ್ಮ ಮಾತ್ರ ಗೂಡಿಗೆ ಬರುತ್ತಾರೆ. ಕಾರ್ಡುಗಳು ಈಗ ನಮ್ಮ ಮನೆಯ ವಿಳಾಸಕ್ಕೇ ಬರುತ್ತವೆ. ಹವಾಮಾನದ ಸುದ್ದಿಯಲ್ಲಿ ‘ರಾಯಚೂರು’ ಎಂದು ಕೇಳಿದರೆ ನಮ್ಮತ್ತೆ ಕೂಡ ಟಿ.ವಿ.ಯ ಸದ್ದು ಜಾಸ್ತಿ ಮಾಡು ಅನ್ನುತ್ತಾರೆ. ಗುರುತಿನವರು ಒಬ್ಬರಿದ್ದರೆ ನಕ್ಷೆಯ ಮೇಲಿನ ಚುಕ್ಕೆಯೂ ನಮ್ಮ ಬೀದಿಯಷ್ಟು ಹತ್ತಿರವಾಗುತ್ತೆ.

ಇದನ್ನು ನಿಮ್ಮೂರಿನಲ್ಲೂ ಮಾಡಿ ನೋಡಬಹುದು. ದೊಡ್ಡ ಏರ್ಪಾಡು ಏನೂ ಬೇಡ. ಬೇರೆ ಹವೆ, ಬೇರೆ ಮಣ್ಣಿನ ಜಿಲ್ಲೆಯಲ್ಲಿ ನಿಮ್ಮ ನೆಂಟರೋ ಗುರುತಿನವರೋ ಟೀಚರಾಗಿದ್ದರೆ ಸಾಕು. ಮಲೆನಾಡಿನವರು ಬಯಲಿಗೆ, ಬಯಲಿನವರು ಕರಾವಳಿಗೆ ಬರೆಸಿದರೆ ಕೇಳುವುದಕ್ಕೆ ಪ್ರಶ್ನೆಗಳು ಹೆಚ್ಚು. ಪ್ರತಿ ಕಾರ್ಡಿನಲ್ಲೂ ಒಂದು ಸಂಗತಿ, ಒಂದು ಪ್ರಶ್ನೆ ಇರಲಿ. ‘ಚೆನ್ನಾಗಿದ್ದೇನೆ, ಚೆನ್ನಾಗಿದ್ದೀಯಾ’ ಎಂದಷ್ಟೇ ಬರೆದರೆ ಎರಡನೇ ಕಾರ್ಡಿಗೆ ಮಾತು ಇರುವುದಿಲ್ಲ. ನೀರು ಎಲ್ಲಿಂದ, ಮಣ್ಣು ಯಾವುದು, ಈ ತಿಂಗಳು ಹೊಲದಲ್ಲಿ ಏನಿದೆ, ಬೆಳಗಿನ ತಿಂಡಿ ಏನು, ಇಷ್ಟು ಸಾಕು. ಕಾರ್ಡನ್ನು ದಾರಿಯಲ್ಲಿ ಯಾರು ಬೇಕಾದರೂ ಓದಬಹುದಾದ್ದರಿಂದ ಫೋನ್ ನಂಬರು ಬರೆಯುವುದು ಬೇಡ, ಮೊದಮೊದಲು ಶಾಲೆಯ ವಿಳಾಸಕ್ಕೇ ತರಿಸಿ. ಬಂದ ದಿನ, ಹೊರಟ ದಿನ ಎರಡನ್ನೂ ಬರೆದಿಡಿ. ಯಾವ ದಾರಿಯಲ್ಲಿ ಬಂದಿರಬಹುದು ಎಂದು ನಕ್ಷೆಯಲ್ಲಿ ಗೆರೆ ಎಳೆಸಿ. ನಮ್ಮ ಮಕ್ಕಳು ಹಾಸನ, ಸಕಲೇಶಪುರ, ಶಿರಾಡಿ ಘಾಟಿ, ಮಂಗಳೂರು ಎಂದು ಬೆರಳಾಡಿಸುತ್ತಾ ಘಟ್ಟ ಇಳಿಯುವುದನ್ನು ಹಾಗೇ ಕಲಿತರು.

ದೂರದ ರಾಜ್ಯಕ್ಕೆ ಬರೆಸುವ ಆಸೆ ಇದ್ದರೆ, 2015ರಲ್ಲಿ ಘೋಷಿಸಿದ ‘ಏಕ ಭಾರತ ಶ್ರೇಷ್ಠ ಭಾರತ’ ಕಾರ್ಯಕ್ರಮದಲ್ಲಿ ಕರ್ನಾಟಕಕ್ಕೆ ಜೋಡಿಯಾದ ರಾಜ್ಯ ಉತ್ತರಾಖಂಡ. ಶಾಲೆಯವರ ಹತ್ತಿರ ಆ ಮಾತು ತೆಗೆದು ನೋಡಿ. ದೊಡ್ಡವರಿಗೆ ‘ಪೋಸ್ಟ್‌ಕ್ರಾಸಿಂಗ್’ ಎಂಬುದೂ ಇದೆ. ಪೋರ್ಚುಗಲ್ಲಿನ ಒಬ್ಬ ವಿದ್ಯಾರ್ಥಿ 2005ರಲ್ಲಿ ಶುರುಮಾಡಿದ್ದು, ಗುರುತಿಲ್ಲದವರು ದೇಶದಿಂದ ದೇಶಕ್ಕೆ ಕಾರ್ಡು ಕಳಿಸುತ್ತಾರೆ. ಅಕ್ಟೋಬರ್ 9 ವಿಶ್ವ ಅಂಚೆ ದಿನ, ಶುರುಮಾಡಲು ಒಳ್ಳೆಯ ದಿನ.

ಮಕ್ಕಳು ಪ್ರಶ್ನೆ ಹೊತ್ತು ಅಡುಗೆಮನೆಗೆ ಬಂದಾಗ ‘ಹೋಗು, ಅಪ್ಪನ್ನ ಕೇಳು’ ಅನ್ನಬೇಡಿ. ಒಲೆ ಸಣ್ಣ ಮಾಡಿ ಕೂತುಕೊಳ್ಳಿ. ನಿಮ್ಮೂರಿನ ಬಾವಿ ಮೊದಲು ಎಷ್ಟು ಆಳವಿತ್ತು, ಯಾವ ಮಳೆಗೆ ಯಾವ ಕಾಳು ಬಿತ್ತುತ್ತಾರೆ, ನಿಮ್ಮ ತವರಿನ ಮಣ್ಣಿಗೂ ಇಲ್ಲಿನ ಮಣ್ಣಿಗೂ ಏನು ವ್ಯತ್ಯಾಸ, ಎಲ್ಲ ನಿಮಗೆ ಗೊತ್ತಿದೆ. ಒಂದು ಕಾರ್ಡಿಗೆ ಬೇಕಾದಷ್ಟು ಖಂಡಿತ ಗೊತ್ತಿದೆ.